ಬೇಕಲದಿಂದ ವಿಂಡ್ಸರಿಗೆ

ಲಂಡನ್ನಿನಲ್ಲಿರುವ ಮಗಳು ಕರೆದಿದ್ದಾಳೆ. ದೊರೆತಿರುವುದು 7 ದಿನಗಳ ಅವಧಿ. ವಿಂಡ್ಸರ್, ಲಂಡನ್ ಟವರ್, ಎಡಿನ್‌ಬರೋ – ಈ ಮೂರು ರಾಜಕೋಟೆಗಳನ್ನೂ ನೋಡಿಯೇ ತೀರಬೇಕೆಂದು ಪಟ್ಟಿ ಬರೆದೆ. ಎಡಿನ್‌ಬರೋ 600 ಕಿಲೋಮೀಟರಿಗೂ ದೂರ. ರೈಲಿನಲ್ಲಿ ಹೋಗುವುದಕ್ಕೇ ನಾಲ್ಕೂವರೆ ಗಂಟೆ ಬೇಕು. ವಿಂಡ್ಸರಿನಲ್ಲಿ ಸಾಮಾನ್ಯವಾಗಿ ಮಂಗಳವಾರ, ಬುಧವಾರ ಸಂದರ್ಶಕರಿಗೆ ಪ್ರವೇಶವಿಲ್ಲ. ನನ್ನ ಮೊಣಕಾಲುಗಳಿಗೂ ಹಿಂದಿನ ಕಸುವಿಲ್ಲ. ಒಂದನ್ನಾದರೂ ಬಿಡಲೇಬೇಕಾಯಿತು.

ಆಗ ನೆನಪಾದುದು ನಮ್ಮ ಶಾಲೆಯ ಬೇಕಲ ಪ್ರವಾಸ. ಕೆಳದಿಯ ನಾಯಕರ ಆ ಕೋಟೆಯ ಬುರುಜಿನ ಮೇಲೆ ನಮ್ಮನ್ನು ನಿಲ್ಲಿಸಿ ಚರಿತ್ರೆಯ ಅಧ್ಯಾಪಕರು ಹೇಳಿದ್ದರು: “ಕೋಟೆಯನ್ನು ಕಟ್ಟಿದವರು ಯಾರೆಂದಷ್ಟೇ ಅಲ್ಲ, ಕಳೆದುಕೊಂಡವರು ಯಾರೆಂದೂ ಕೇಳಿರಿ, ಮಕ್ಕಳೇ.” ಕೆಳದಿಯವರಿಂದ ಹೈದರನಿಗೆ, ಟಿಪ್ಪುವಿನ ಬಳಿಕ ಕಂಪೆನಿಗೆ ಸೇರಿದ ಕೋಟೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಿಂಹಾಸನವನ್ನು ತುಂಡರಿಸಿದರು. ಚಿನ್ನದ ತಗಡು ಹೊದಿಸಿದ ಅದರ ಹುಲಿಯ ತಲೆ ಇಂದು ವಿಂಡ್ಸರಿನಲ್ಲಿದೆ.

ಪಟ್ಟಿಯಿಂದ ಎಡಿನ್‌ಬರೋವನ್ನು ಹೊಡೆದುಹಾಕಿದೆ. ಗುರುವಾರ ಇಡೀ ದಿನ ವಿಂಡ್ಸರಿಗೆ ಮೀಸಲು. ಆ ಹುಲಿಯ ಮುಂದೆ ನಿಂತು, ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗನಿಗೆ ಗುರುಗಳ ಪ್ರಶ್ನೆಯನ್ನು ಕನ್ನಡದಲ್ಲಿಯೇ ಕೇಳಬೇಕೆಂದಿದ್ದೇನೆ. ಅವನಿಗೆ ಅರ್ಥವಾದರೆ ಪ್ರವಾಸ ಸಾರ್ಥಕ. ಆಗದಿದ್ದರೆ ಬರುವ ರಜೆಯಲ್ಲಿ ಅವನನ್ನು ಬೇಕಲಕ್ಕೆ ಕರೆತರಬೇಕು.