ಹಾಳೂರಿಗೆ ಉಳಿದವನು

ರೋಮಿಗೆ ಹೋದವರು ಕೊಲೋಸಿಯಮ್ಮನ್ನು ನೋಡದೆ ಮರಳುವುದಿಲ್ಲ. ಅದೇ ನಗರದಲ್ಲಿ ಜನರು ‘ಚೌಕ ಕೊಲೋಸಿಯಮ್’ ಎಂದು ಕರೆಯುವ ಮತ್ತೊಂದು ಸೌಧವಿರುವುದು ಮಾತ್ರ ಅನೇಕ ಪ್ರವಾಸಿಗರ ಗಮನಕ್ಕೆ ಬಾರದು. ಟೆರ್ಮಿನಿ ನಿಲ್ದಾಣದಲ್ಲಿ ನೆಲದಡಿಯ ರೈಲನ್ನೇರಿ ದಕ್ಷಿಣಾಭಿಮುಖವಾಗಿ ಸಾಗಿದರೆ, ಇಕ್ಕಟ್ಟಾದ ಗಲ್ಲಿಗಳೂ ಕಾರಂಜಿಗಳೂ ಹಿಂದುಳಿದು, ಎಉರ್ ಎಂಬ ಬಡಾವಣೆ ಎದುರಾಗುತ್ತದೆ. ಅಳತೆಗೋಲಿಟ್ಟು ಎಳೆದಂತಹ ರಾಜಬೀದಿಗಳು. ಬಿಳಿಗಲ್ಲಿನ ಭಾರಿ ಕಟ್ಟಡಗಳು. ಅವುಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಆಕಾಶ. ಸೌಧದ ಒಂದೊಂದು ಮುಖದಲ್ಲಿಯೂ ಆರು ಸಾಲು, ಸಾಲಿಗೆ ಒಂಬತ್ತು ಕಮಾನು. ಒಂದು ಕಮಾನಿಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಮುಸೊಲಿನಿ ಅಧಿಕಾರಕ್ಕೆ ಬಂದು ಇಪ್ಪತ್ತು ವರ್ಷ ತುಂಬುವ 1942ರಲ್ಲಿ ಇಲ್ಲಿ ವಿಶ್ವಪ್ರದರ್ಶನವೊಂದು ನೆರೆಯಬೇಕಾಗಿತ್ತು. ಯುದ್ಧ ಬಂದಿತು, ಪ್ರದರ್ಶನ ನಿಂತಿತು. ಮದುವೆ ಮುರಿದ ಮನೆಯ ಚಪ್ಪರದಂತೆ ಅರೆಗಟ್ಟಿದ ಸೌಧಗಳು ಉಳಿದವು. ಯುದ್ಧಾನಂತರ ಕಚೇರಿಗಳು ಬಂದವು, 1960ರ ಒಲಿಂಪಿಕ್ಸ್ ಬಂದಿತು. ಆದರೂ ಎಂದೂ ಬಾರದ ಜನಸಂದಣಿಗಾಗಿ ಕಟ್ಟಿದ ಊರೆಂಬ ಕಳೆ ಅದರ ಮುಖದಿಂದ ಅಳಿಯಲಿಲ್ಲ.

ಚಲಚ್ಚಿತ್ರದವರಿಗೆ ಬೇಕಾದುದು ಈ ಕಳೆಯೇ. 1964ರಲ್ಲಿ ತೆರೆಕಂಡ ‘ದಿ ಲಾಸ್ಟ್ ಮ್ಯಾನ್ ಆನ್ ಅರ್ಥ್’ ಚಿತ್ರದ ನಿರ್ಜನ ನಗರ ಇದೇ. ರಿಚರ್ಡ್ ಮ್ಯಾಥಿಸನ್ 1954ರಲ್ಲಿ ಬರೆದ ಕಾದಂಬರಿ ಅದರ ಮೂಲ. ಅದೇ ಕಥೆಯನ್ನು 2007ರಲ್ಲಿ ಮತ್ತೆ ಚಿತ್ರಿಸಿದವರು ನ್ಯೂಯಾರ್ಕಿನ ಬೀದಿಗಳನ್ನು ಮುಚ್ಚಿಸಬೇಕಾಯಿತು. ಎಉರ್‌ನಲ್ಲಿ ಬೆಳಗಿನ ಬಿಸಿಲೇ ಸಾಕಾಯಿತೇನೋ!

ಮಹಾಮಾರಿಯೊಂದು ಜಗತ್ತನ್ನೆಲ್ಲ ಬಡಿದು, ಸತ್ತವರು ರಕ್ತಪಿಶಾಚಿಗಳಾಗಿ ಏಳುತ್ತಾರೆ. ರೋಗ ತಟ್ಟದೆ ಉಳಿದವನು ಮಾರ್ಗನ್ ಎಂಬ ವಿಜ್ಞಾನಿಯೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಸಿಕ್ಕದು. ವಿನ್ಸೆಂಟ್ ಪ್ರೈಸ್ ಈ ಗೌಡಿಕೆಯನ್ನು ದಣಿದ ಗುಮಾಸ್ತನಂತೆ ನಿರ್ವಹಿಸುತ್ತಾನೆ. ಬಾಗಿಲಿಗೆ ಕನ್ನಡಿ, ಬೆಳ್ಳುಳ್ಳಿಯ ಗೊಂಚಲು. ಯಂತ್ರದಲ್ಲಿ ಚೂಪುಗೊಳಿಸಿದ ಮರದ ಗೂಟಗಳು. ಹಗಲೆಲ್ಲ ಬೀದಿಬೀದಿ ಅಲೆದು, ಮಲಗಿರುವ ಪಿಶಾಚಿಗಳ ಎದೆಗೆ ಗೂಟ ಜಡಿದು, ಹೆಣಗಳನ್ನು ಉರಿಯುವ ಕೊಳ್ಳಕ್ಕೆ ಎಸೆದು ಬರುವುದು ಅವನ ದಿನಚರಿ. ಇರುಳಾದರೆ ಹಳೆಯ ಗೆಳೆಯನೇ ಪಿಶಾಚಿಯಾಗಿ ಬಂದು, ಅವನ ಹೆಸರು ಹಿಡಿದು ಕೂಗುತ್ತಾ ಬಾಗಿಲು ಬಡಿಯುತ್ತಾನೆ. ಇಟಲಿಯ ನಟರ ತುಟಿಗೂ ಇಂಗ್ಲಿಷ್ ಮಾತಿಗೂ ಹೊಂದಿಕೆಯಿಲ್ಲ. ಪಿಶಾಚಿಗಳೋ, ಒಂದು ತಳ್ಳಿಗೆ ಉರುಳುವಷ್ಟು ನಿಶ್ಶಕ್ತರು. ಆದರೂ ಚಿತ್ರ ಪ್ರೇಕ್ಷಕನನ್ನು ಕುರ್ಚಿಗೆ ಕಟ್ಟಿಹಾಕುತ್ತದೆ. ಭಯ ಇರುಳಿನಲ್ಲಿಲ್ಲ, ಆ ಬಿಸಿಲಿನಲ್ಲಿದೆ. ಬಿಸಿಲಿಗೆ ಬೆಳಗುವ ಆ ಬಿಳಿಗಲ್ಲುಗಳ ನಡುವೆ ಒಂದೇ ಒಂದು ಮೋಟಾರು ಚಲಿಸುವುದನ್ನು ಕಂಡವರು ಮರೆಯಲಾರರು. 2020ರ ಮಾರ್ಚಿಯಲ್ಲಿ ಇಟಲಿ ಬಾಗಿಲು ಮುಚ್ಚಿದಾಗ, ರೋಮಿನ ಶೂನ್ಯ ಬೀದಿಗಳ ಚಿತ್ರಗಳನ್ನು ಕಂಡು ಈ ಸಿನಿಮಾವನ್ನು ನೆನೆಯುವುದು ಸಹಜವಾಗಿತ್ತು.

ಗೂಟದ ಪ್ರತಿ ಏಟಿಗೂ ಪ್ರೇಕ್ಷಕ ಹಿಗ್ಗುತ್ತಿರುತ್ತಾನೆ. ಆಗ ರೂತ್ ಎಂಬ ತರುಣಿ ಬರುತ್ತಾಳೆ. ರೋಗ ತಗುಲಿದ್ದರೂ ಔಷಧಿಯ ಬಲದಿಂದ ಬದುಕಿರುವ ಬಳಗವೊಂದಿದೆ, ಅವಳು ಅವರಲ್ಲೊಬ್ಬಳು. ಮಾರ್ಗನ್ ನಿದ್ದೆಯಲ್ಲಿ ಕೊಂದವರಲ್ಲಿ ಅನೇಕರು ಪಿಶಾಚಿಗಳೇ ಅಲ್ಲ, ಅವಳ ಜನ! ಅವರ ಮನೆಗಳಲ್ಲಿ ಹಗಲುಹೊತ್ತು ಬಂದು ಹೋಗುವ ರಾಕ್ಷಸ ಇವನೇ. ಕಡೆಗೆ ಅವರೇ ಅಟ್ಟಿಸಿಕೊಂಡು ಬಂದು ಚರ್ಚೊಂದರಲ್ಲಿ ಅವನನ್ನು ಕೊಲ್ಲುತ್ತಾರೆ. ಅದುವರೆಗೆ ಹಿಗ್ಗಿದವನಿಗೆ ಚಪ್ಪಾಳೆಗೆತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ.

ಚೌಕ ಕೊಲೋಸಿಯಮ್ಮಿನ ನೆತ್ತಿಯ ಮೇಲೆ ನಾಲ್ಕು ಕಡೆಗೂ ದೊಡ್ಡ ಅಕ್ಷರಗಳ ಶಾಸನವಿದೆ. ಇಟಲಿಯವರು ಕವಿಗಳು, ಕಲಾವಿದರು, ವೀರರು, ಸಂತರು ಎಂದು ಅದು ಹೊಗಳುತ್ತಾ ಹೋಗುತ್ತದೆ. ಆ ಮಾತುಗಳನ್ನು ಆಯ್ದುಕೊಂಡದ್ದು 1935ರ ಅಕ್ಟೋಬರ್ 2ರಂದು ಮುಸೊಲಿನಿ ಮಾಡಿದ ಭಾಷಣದಿಂದ. ಮರುದಿನವೇ ಅವನ ಸೇನೆ ಇಥಿಯೋಪಿಯದ ಗಡಿ ದಾಟಿತು. ಅಕ್ಷರಗಳನ್ನು ಯಾರೂ ಕೆತ್ತಿ ತೆಗೆದಿಲ್ಲ. 2015ರಿಂದ ಸೌಧದಲ್ಲಿ ಫೆಂಡಿ ಎಂಬ ಉಡುಪಿನ ಸಂಸ್ಥೆಯ ಕಚೇರಿಯಿದೆ. ಸಂಜೆಯಾದರೆ ಬಡಾವಣೆಯ ನೌಕರರು ರೈಲಿನತ್ತ ಹೆಜ್ಜೆ ಹಾಕುತ್ತಾರೆ. ಹಿಂದೆ ಕಮಾನುಗಳೊಳಗೆ ಕತ್ತಲೆ ತುಂಬತೊಡಗುತ್ತದೆ.