ತಾಳೆಯಾಗದ ಲೆಕ್ಕದ ಊರಿನಲ್ಲಿ

ಮಂಗಳೂರು ನೋಡಲು ಬಂದವರು ಸಾಮಾನ್ಯವಾಗಿ ಕದ್ರಿ, ಮಂಗಳಾದೇವಿ, ಪಣಂಬೂರು ಕಡಲತೀರ ಎಂದು ಸುತ್ತಾಡಿ, ಐಸ್‌ಕ್ರೀಮು ತಿಂದು ರೈಲು ಹತ್ತುತ್ತಾರೆ. ಈ ಊರಿಗೆ ಇನ್ನೊಂದು ಮುಖ ಉಂಟು. ಅದನ್ನು ಕಾಣಬೇಕಾದರೆ ಕೆಲಸದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಪಾಂಡೇಶ್ವರದಿಂದ ಹಂಪನಕಟ್ಟೆಗೆ, ಅಲ್ಲಿಂದ ಕೆ.ಎಸ್. ರಾವ್ ರಸ್ತೆ ಹಿಡಿದು ಕೊಡಿಯಾಲಬೈಲಿನ ತನಕ ನಡೆಯಬೇಕು. ಮಳೆಗಾಲದಲ್ಲಿ ಕೊಡೆ ಬೇಕು. ಉಳಿದ ತಿಂಗಳುಗಳಲ್ಲಿ ಬೆವರೊರೆಸಲು ಕರವಸ್ತ್ರ. ಕಟ್ಟಡಗಳ ಮೇಲ್ಮಹಡಿಗಳಲ್ಲಿ ಲೆಕ್ಕಪರಿಶೋಧಕರ ಫಲಕಗಳು ಕಾಣುತ್ತವೆ. ಹೆಗಲಿಗೆ ಚೀಲ ತೂಗಿಸಿಕೊಂಡು ಆ ಮೆಟ್ಟಿಲು ಹತ್ತುವ ಇಪ್ಪತ್ತು ಇಪ್ಪತ್ತೆರಡರ ಹುಡುಗ ಹುಡುಗಿಯರು ಸಿ.ಎ. ಓದುತ್ತ ಆರ್ಟಿಕಲ್‌ಶಿಪ್ ಮಾಡುತ್ತಿರುವವರು.

ಈ ನಂಟು ಹಳೆಯದು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಇಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. ಮುಂದೆ ಅದೇ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಬೀಜ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಮಂಗಳೂರಿನಲ್ಲೇ ಹುಟ್ಟಿದವು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಕಾರ್ಪೊರೇಷನ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಪಾಂಡೇಶ್ವರದ ಆ ದೊಡ್ಡ ಕಟ್ಟಡದ ಮುಂದೆ ಹೋಗುವಾಗ ನನ್ನ ಬಾಯಿಗೆ ಈಗಲೂ ಹಳೆಯ ಹೆಸರೇ ಬರುತ್ತದೆ. ಅಂತೂ ಬ್ಯಾಂಕು ಇದ್ದಲ್ಲಿ ಲೆಕ್ಕ ತಪಾಸಣೆ ಮಾಡುವವರೂ ಬೇಕು. 1949ರ ಕಾಯಿದೆಯ ಪ್ರಕಾರ ಹುಟ್ಟಿದ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಪರೀಕ್ಷೆ ದಾಟದೆ ಆ ಫಲಕ ತೂಗಿಸುವಂತಿಲ್ಲ.

ದಾಟುವವರು ಎಷ್ಟು ಮಂದಿ? 2023ರ ನವೆಂಬರ್‌ನಲ್ಲಿ ಅಂತಿಮ ಪರೀಕ್ಷೆಯ ಎರಡೂ ಗುಂಪುಗಳಿಗೆ ಒಟ್ಟಿಗೆ ಕುಳಿತವರಲ್ಲಿ ತೇರ್ಗಡೆಯಾದವರು ಶೇಕಡಾ 9.42. ಅಂದರೆ ನೂರಕ್ಕೆ ತೊಂಬತ್ತು ಮನೆಗಳಲ್ಲಿ ಆ ಸಂಜೆ ಊಟ ರುಚಿಸಲಿಲ್ಲ. ನಮ್ಮ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿಗೆ ತೊಂಬತ್ತೈದು ಬಂದರೂ ‘ಉಳಿದ ಐದು ಎಲ್ಲಿ ಹೋಯಿತು’ ಎಂದು ಕೇಳುವ ತಂದೆತಾಯಿ ಇದ್ದಾರೆ. ಅವರಿಗಾಗಿ ಒಂದು ಮಾತು: 2021ರ ಜುಲೈಯಲ್ಲಿ ನಡೆದ ಹಳೆಯ ಪಠ್ಯಕ್ರಮದ ಅಂತಿಮ ಪರೀಕ್ಷೆಯಲ್ಲಿ ಇಡೀ ದೇಶಕ್ಕೆ ಪ್ರಥಮ ಬಂದವರು ನಮ್ಮ ಮಂಗಳೂರಿನ ರೂತ್ ಕ್ಲೇರ್ ಡಿಸಿಲ್ವ. ಅವರು ಗಳಿಸಿದ ಅಂಕ 800ಕ್ಕೆ 472, ಎಂದರೆ ಶೇಕಡಾ 59. ಶಾಲೆಯ ಅಳತೆಗೋಲು ಇಲ್ಲಿ ನಡೆಯುವುದಿಲ್ಲ.

ನಪಾಸು ಎಂಬುದು ಮನೆಯಲ್ಲಿ ಒಂದೇ ಶಬ್ದ. ಅಂಕಪಟ್ಟಿಯಲ್ಲಿ ಅದು ಹಲವು ಬಗೆ. ಒಂದು ಗುಂಪಿಗೆ ಮೂರು ಪತ್ರಿಕೆಗಳೆಂದುಕೊಳ್ಳಿ. ಪ್ರತಿಯೊಂದರಲ್ಲೂ 40 ಬರಬೇಕು, ಒಟ್ಟು 150 ಆಗಬೇಕು. ಒಬ್ಬಳಿಗೆ 70, 60, 38. ಒಟ್ಟು 168 ಆದರೂ ನಪಾಸು. ಇನ್ನೊಬ್ಬನಿಗೆ 62, 41, 45. ಎಲ್ಲದರಲ್ಲೂ ಗಡಿ ದಾಟಿದ್ದಾನೆ, ಒಟ್ಟಿನಲ್ಲಿ ಎರಡೇ ಅಂಕ ಕಡಿಮೆ. ಮೂರನೆಯವನಿಗೆ 33, 36, 31. ಗುಂಪಿನ ಎಲ್ಲ ಪತ್ರಿಕೆಗಳನ್ನೂ ಬರೆದವರಿಗೆ 60 ಅಥವಾ ಹೆಚ್ಚು ಬಂದ ಪತ್ರಿಕೆಗೆ ಮುಂದಿನ ಮೂರು ಪರೀಕ್ಷೆಗಳ ತನಕ ವಿನಾಯಿತಿ ಉಂಟು. ಹಾಗಾಗಿ ಮೊದಲಿನವಳಿಗೆ ಉಳಿದದ್ದು ಒಂದೇ ಪತ್ರಿಕೆ. ಎರಡನೆಯವನಿಗೆ ಎರಡು. ಮೂರನೆಯವನು ಬುಡದಿಂದಲೇ ಓದಬೇಕು, ಅಥವಾ ತನಗೆ ಈ ದಾರಿ ಹೌದೋ ಅಲ್ಲವೋ ಎಂದು ಯೋಚಿಸಬೇಕು. ಮೂರು ಸಲವೂ ಅಷ್ಟೇ ಬಂದು, ಮನಸ್ಸೂ ಇಲ್ಲವಾದರೆ ಬಿಡುವುದರಲ್ಲಿ ನಾಚಿಕೆಯೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕಚೇರಿಯಲ್ಲಿ ಕಲಿತ ತೆರಿಗೆ, ತಪಾಸಣೆಯ ಕೆಲಸವನ್ನು ಯಾರೂ ಹಿಂದಕ್ಕೆ ಪಡೆಯುವುದಿಲ್ಲ.

ಬ್ಯಾಂಕುಗಳಲ್ಲಿ ಕೈಯಿಂದಲೇ ಲೆಡ್ಜರ್ ಬರೆಯುತ್ತಿದ್ದ ಕಾಲದ ಗುಮಾಸ್ತರಿಗೆ ಒಂದು ಉಪಾಯ ಗೊತ್ತಿತ್ತು. ಸಂಜೆ ತಾಳೆಪಟ್ಟಿಯ ಎರಡು ಬದಿ ಸರಿಹೊಂದದಿದ್ದರೆ ಮೊದಲು ವ್ಯತ್ಯಾಸವನ್ನು ನೋಡುವುದು. ಅದು ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕೆಗಳು ಅದಲುಬದಲಾಗಿರಬಹುದು; 540 ಇದ್ದದ್ದು 450 ಎಂದಾದರೆ ವ್ಯತ್ಯಾಸ 90. ಖರ್ಚಿನ ಬದಿಯದ್ದನ್ನು ಜಮೆಗೆ ಬರೆದಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟು. ಆದ್ದರಿಂದ ಅರ್ಧ ಮಾಡಿ ಆ ಮೊತ್ತವನ್ನು ಹುಡುಕುವುದು. ತಾಳೆಯಾಗಲಿಲ್ಲವೆಂದು ಪುಸ್ತಕ ಹರಿದವರಿಲ್ಲ. ಪ್ರಯೋಗಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳುವುದೂ ಇದನ್ನೇ: ಸರಿ ಬಾರದ ರೀಡಿಂಗನ್ನು ರಬ್ಬರಿನಿಂದ ಅಳಿಸಬೇಡಿ, ಅದೇ ನಿಮಗೆ ದಾರಿ ತೋರಿಸುವುದು.

ಪರೀಕ್ಷೆಯ ವಿಷಯದಲ್ಲಿ ಆ ರೀಡಿಂಗ್ ಎಂದರೆ ಉತ್ತರಪತ್ರಿಕೆ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಉಂಟೆಂದು 2011ರಲ್ಲಿ ಸುಪ್ರೀಂ ಕೋರ್ಟು ಮಾಹಿತಿ ಹಕ್ಕಿನ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿತು. ಸಿ.ಎ. ಸಂಸ್ಥೆಯೂ ಶುಲ್ಕ ಕಟ್ಟಿದರೆ ದೃಢೀಕೃತ ಪ್ರತಿ ಕೊಡುತ್ತದೆ. ಮಾದರಿ ಉತ್ತರಗಳನ್ನೂ ಪ್ರಕಟಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಗೊತ್ತಿಲ್ಲದ್ದು ಯಾವುದು, ಗೊತ್ತಿದ್ದೂ ಬರೆಯದೆ ಬಿಟ್ಟದ್ದು ಯಾವುದು ಎಂದು ತಿಳಿಯುತ್ತದೆ.

ಕಳೆದ ಮಳೆಗಾಲ ಕೊಡಿಯಾಲಬೈಲಿನ ಹೋಟೆಲೊಂದರಲ್ಲಿ ಗೋಳಿಬಜೆ ತಿನ್ನುತ್ತಿದ್ದಾಗ ಪರಿಚಯದವರೊಬ್ಬರು ಎದುರು ಬಂದು ಕುಳಿತರು. ‘ಮಾಸ್ಟ್ರೇ, ಮಗ ಸಿ.ಎ. ಫೇಲ್. ಇನ್ನೊಮ್ಮೆ ಕಟ್ಟಲಿಕ್ಕೆ ಹೇಳುವುದಾ, ಬಿಡಲಿಕ್ಕೆ ಹೇಳುವುದಾ?’

‘ಅಂಕ ಎಷ್ಟು ಬಂದಿದೆ?’ ಎಂದೆ.

‘ಫೇಲ್ ಅಂತ ಹೇಳಿದ. ಮತ್ತೆ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಎರಡು ವಾರ ಆಯಿತು, ಊಟಕ್ಕೂ ಒಟ್ಟಿಗೆ ಕೂರುವುದಿಲ್ಲ ಮಾರಾಯ್ರೆ.’

‘ಹಾಗಾದರೆ ನಿಮ್ಮ ಪ್ರಶ್ನೆಗೆ ನಾನು ಹೇಗೆ ಉತ್ತರ ಹೇಳಲಿ? ಮೊದಲು ಅಂಕಪಟ್ಟಿ ಹಿಡಿದುಕೊಂಡು ಅವನ ಹತ್ತಿರ ಕೂತುಕೊಳ್ಳಿ’ ಎಂದೆ.

ಸುಮಾರು ಒಂದೂವರೆ ತಿಂಗಳ ಮೇಲೆ ಅವರೇ ಫೋನು ಮಾಡಿದರು. ಉತ್ತರಪತ್ರಿಕೆಯ ಪ್ರತಿ ಬಂದಿತ್ತು. ಅಪ್ಪ ಮಗ ಚಾವಡಿಯಲ್ಲಿ ಕೂತು ಪುಟ ತಿರುವಿದರಂತೆ. ಮೊದಲನೆಯ ಪ್ರಶ್ನೆಗೆ ಹುಡುಗ ಹತ್ತು ಪುಟ ಬರೆದಿದ್ದ; ಕೊನೆಯ ಎರಡು ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. ‘ಆ ಎರಡೂ ಅವನಿಗೆ ಬರುತ್ತಿತ್ತಂತೆ ಮಾಸ್ಟ್ರೇ’ ಎಂದರು. ‘ಈಗ ದಿನಾ ಬೆಳಿಗ್ಗೆ ಟೇಬಲಿನ ಮೇಲೆ ಗಡಿಯಾರ ಇಟ್ಟುಕೊಂಡು ಬರೆಯುತ್ತಾನೆ. ಮೂರು ಗಂಟೆ ಆದಾಗ ಪೇಪರು ಎಳೆದುಕೊಳ್ಳುವ ಕೆಲಸ ನನ್ನದು.’