ವೇಳಾಪಟ್ಟಿಯ ತೂಕ

ಈ ಆಗಸ್ಟಿನ ಮೊದಲ ವಾರ, ತರಗತಿ ಮುಗಿಸಿ ವಿಭಾಗದ ಕೋಣೆಗೆ ಮರಳಿದಾಗ, ವಾಸ್ಕೋದಲ್ಲಿರುವ ನನ್ನ ಅಕ್ಕನ ಮಗ ಮೊಬೈಲಿಗೆ ಒಂದು ಚಿತ್ರ ಕಳುಹಿಸಿದ್ದ. ಅವನ ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಿದ್ದ ಹಾಳೆಯ ಚಿತ್ರ ಅದು. ಗೋವಾ ವಿಶ್ವವಿದ್ಯಾಲಯದ ಅಂತರ ಕಾಲೇಜು ವಾಲಿಬಾಲ್ ಪಂದ್ಯಾವಳಿಯ ಡ್ರಾ. ಹದಿನಾರು ಮನೆಗಳ ಚೌಕಟ್ಟು, ಹದಿನಾಲ್ಕು ಕಾಲೇಜುಗಳು, ಎರಡು ಬೈ. ಆ ಎರಡರಲ್ಲಿ ಒಂದು ಅವನ ತಂಡಕ್ಕೇ ಬಿದ್ದಿತ್ತು. ಕೆಳಗೆ ಒಂದು ಸಾಲು ಬರೆದಿದ್ದ: “ಮಾಮಾ, ಈ ಸಲ ನಮ್ಮ ಡ್ರಾ ಭಾಳ ಹಗೂರ ಐತ್ರಿ. ಫೈನಲ್ ತನಕಾ ಹೋಗ್ತೇವಿ ಅನಸ್ತೈತಿ. ನೀವೊಮ್ಮೆ ನೋಡಿ ಹೇಳ್ರಿ.”

ಸಂಜೆ ಅಕ್ಕನ ಫೋನೂ ಬಂದಿತು. ವೆರ್ಣಾದ ಕೈಗಾರಿಕಾ ವಸಾಹತಿನ ಒಂದು ಗೋದಾಮಿನಲ್ಲಿ ಹುಡುಗನಿಗೆ ಕೆಲಸ ಗೊತ್ತಾಗಿದೆ, ಹದಿನೈದು ದಿನದೊಳಗೆ ಹಾಜರಾಗಬೇಕು, ಪದವಿಯ ಕೊನೆಯ ವರ್ಷವನ್ನು ಕೆಲಸ ಮಾಡುತ್ತಲೇ ಮುಗಿಸಬಹುದೆಂದು ಗುತ್ತಿಗೆದಾರ ಹೇಳಿದ್ದಾನೆ. ಹುಡುಗ ಮಾತ್ರ ಪಂದ್ಯಾವಳಿ ಮುಗಿಯುವವರೆಗೆ ಒಲ್ಲೆನೆನ್ನುತ್ತಾನೆ. “ಆಟಾ ಆಡಿದ್ರ ಹೊಟ್ಟಿ ತುಂಬತೈತೇನೋ? ನೀ ಒಂದ ಮಾತ ಹೇಳಿದ್ರ ಕೇಳ್ತಾನ ನೋಡು.” ಹುಡುಗನ ಲೆಕ್ಕವೂ ಪೊಳ್ಳಲ್ಲ. ಸೆಮಿಫೈನಲ್ಲಿನಿಂದಾಚೆಗೆ ಆಯ್ಕೆಗಾರರು ಕಣ್ಣಿಟ್ಟು ನೋಡುತ್ತಾರೆ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ ಪ್ರಮಾಣಪತ್ರ ಕೈಗೆ ಬಂದರೆ ದೈಹಿಕ ಶಿಕ್ಷಣದ ಓದಿಗೂ ಕ್ರೀಡಾ ಮೀಸಲಿನ ನೌಕರಿಗೂ ಒಂದು ದಾರಿ ತೆರೆಯುತ್ತದೆ. ಡ್ರಾ ಹಗುರವಾದುದೇ ನಿಜವಾದರೆ ಗೋದಾಮು ಕಾಯಬಹುದು, ಅಲ್ಲವಾದರೆ ಅಕ್ಕನ ಮಾತೇ ಸರಿ. ಹೀಗೆ ಒಂದು ಹಾಳೆಯ ತೂಕವನ್ನು ನಾನು ಹೇಳಬೇಕಾಯಿತು.

ಕನ್ನಡದ ಮೇಷ್ಟರನ್ನು ಇದಕ್ಕೇಕೆ ಕೇಳಿದನೆಂದು ನಿಮಗೆ ಆಶ್ಚರ್ಯವಾಗಬಹುದು. ನಾನು ಬೆಳೆದದ್ದು ವಾಸ್ಕೋದ ಝುವಾರಿನಗರದಲ್ಲಿ. ನಮ್ಮ ತಂದೆ ಬಾದಾಮಿ ತಾಲೂಕಿನಿಂದ ಮುರಗಾಂವ ಬಂದರಿನ ಹಮಾಲಿಗೆಂದು ಬಂದವರು. ಬಿಜಾಪುರ, ಗದಗ, ಕೊಪ್ಪಳದ ಕಡೆಯಿಂದ ಬಂದ ಮನೆಗಳ ಮಕ್ಕಳೆಲ್ಲ ಸಂಜೆ ಕೆಂಪು ಮುರಕಲ್ಲಿನ ಬಯಲಿನಲ್ಲಿ ನೆಟ್ ಕಟ್ಟಿ ಆಡುತ್ತಿದ್ದೆವು. ಅಂಕವನ್ನು ಕನ್ನಡದಲ್ಲಿ ಎಣಿಸಿ, ಜಗಳವನ್ನು ಕೊಂಕಣಿಯಲ್ಲಿ ಆಡುತ್ತಿದ್ದೆವು. ಕಾಲೇಜು ಸೇರಿದ ಮೇಲೆ ತಂಡದಲ್ಲಿ ನನಗೆ ಸಿಕ್ಕಿದ್ದು ಕಾಯ್ದಿರಿಸಿದ ಆಟಗಾರನ ಸ್ಥಾನ. ಬೆಂಚಿನ ಮೇಲೆ ಸುಮ್ಮನೆ ಕೂರಲಾರದೆ ಒಂದು ನೋಟ್‌ಬುಕ್ ಇಟ್ಟುಕೊಂಡು ಎದುರಾಳಿಗಳ ಸರ್ವಿಸ್, ಸ್ಮ್ಯಾಶ್, ಬ್ಲಾಕ್‌ಗಳನ್ನು ಬರೆದಿಡತೊಡಗಿದೆ. ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ತಂಡದವರು ನನ್ನನ್ನು ಲೆಕ್ಕದವನೆಂದೇ ಕರೆಯುತ್ತಿದ್ದರು.

1993ರ ಡ್ರಾ ಇಂದಿಗೂ ಕಣ್ಣ ಮುಂದಿದೆ. ಆಗಲೂ ನಮಗೆ ಮೊದಲ ಸುತ್ತಿನಲ್ಲಿ ಬೈ. ಕ್ವಾರ್ಟರ್ ಫೈನಲ್ಲಿನಲ್ಲಿ ಕಾಣಕೋಣದ ಕಡೆಯ ಒಂದು ತಂಡವೋ ಕೆಪೆಯ ಕಡೆಯ ಒಂದು ತಂಡವೋ ಎದುರಾಗಬೇಕಿತ್ತು. ಎರಡೂ ಹಿಂದಿನ ವರ್ಷ ಮೊದಲ ಸುತ್ತಿನಲ್ಲೇ ಸೋತಂಥವು. ಬಲಿಷ್ಠರೆನಿಸಿದ ಮಡಗಾಂವ, ಮಾಪುಸಾ, ಪಣಜಿಯ ತಂಡಗಳೆಲ್ಲ ಚೌಕಟ್ಟಿನ ಮೇಲರ್ಧದಲ್ಲಿ ಸೇರಿಕೊಂಡಿದ್ದವು. ಕೆಳಗಿನರ್ಧದಲ್ಲಿ ನಮ್ಮನ್ನು ಬಿಟ್ಟರೆ ಲೆಕ್ಕಕ್ಕೆ ಬರುವಂಥದು ಫೋಂಡಾದ ಒಂದು ತಂಡ ಮಾತ್ರ. ನಾನು ನೋಟ್‌ಬುಕ್ ತೆರೆದು, ಹೆಸರುಗಳ ಮುಂದೆ ಅಂಕಿಗಳನ್ನಿಟ್ಟು ಕೂಡಿಸಿ, ಇಷ್ಟು ಹಗುರವಾದ ಡ್ರಾ ನಮಗೆ ಹಿಂದೆಂದೂ ಬಿದ್ದಿಲ್ಲವೆಂದು ಘೋಷಿಸಿದೆ.

ನಮ್ಮ ನಾಯಕ ಗದಗದ ಕಡೆಯವನು, ಕೊನೆಯ ವರ್ಷದಲ್ಲಿದ್ದ. ಅದೇ ಸೋಮವಾರ ಊರಿನಲ್ಲಿ ಅವನ ಅಕ್ಕನ ನಿಶ್ಚಯ. ಮಂಗಳವಾರ ನಮ್ಮ ಕ್ವಾರ್ಟರ್ ಫೈನಲ್, ಬುಧವಾರ ಬೆಳಿಗ್ಗೆ ಸೆಮಿಫೈನಲ್. “ಲೇ, ನೀ ಲೆಕ್ಕಾ ಹಾಕಾವ. ಹೇಳು, ಹೋಗಲ್ಯಾ?” ಎಂದು ಕೇಳಿದ. “ಹೋಗಿ ಬಾ, ಮಂಗಳವಾರದ್ದು ನಾವು ನೋಡ್ಕೋತೇವಿ” ಎಂದೆ. ನಾನು ಹೇಳಿದ್ದು ಸುಳ್ಳಾಗಲಿಲ್ಲ. ಮಂಗಳವಾರದ ಪಂದ್ಯವನ್ನು ಅವನಿಲ್ಲದೆಯೇ ಅರ್ಧ ಗಂಟೆಯಲ್ಲಿ ಮುಗಿಸಿದೆವು. ಆ ರಾತ್ರಿ ಅವನು ಹತ್ತಿದ ಬಸ್ಸು ಅನಮೋಡ ಘಾಟಿನಲ್ಲಿ ನಿಂತುಬಿಟ್ಟಿತು. ಮಳೆಗೆ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಬುಧವಾರ ಅವನು ಒಳಾಂಗಣಕ್ಕೆ ಓಡಿ ಬಂದಾಗ ನಾವು ಫೋಂಡಾದವರಿಗೆ ಮೊದಲ ಸೆಟ್ಟನ್ನು 15–6ರಲ್ಲಿ ಒಪ್ಪಿಸಿ ಆಗಿತ್ತು. ತೊಯ್ದ ಬಟ್ಟೆ ಬದಲಿಸಿ ಅಂಗಳಕ್ಕಿಳಿದ. ನಿದ್ದೆಯಿಲ್ಲದ ಕಾಲು ನೆಲ ಬಿಟ್ಟು ಏಳಲಿಲ್ಲ. ಅವನು ಹೊಡೆದ ನಾಲ್ಕು ಸ್ಮ್ಯಾಶ್‌ಗಳು ಒಂದರ ಹಿಂದೊಂದು ನೆಟ್ಟಿಗೆ ಬಿದ್ದದ್ದನ್ನು ನಾನೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ.

ಅವನೊಬ್ಬನ ಆಯಾಸದಿಂದಲೇ ಸೋತೆವೆಂದರೆ ತಪ್ಪಾದೀತು. ಫೋಂಡಾದವರು ಹಿಂದಿನ ಎರಡು ದಿನವೂ ನಿರ್ಣಾಯಕ ಸೆಟ್ಟಿನವರೆಗೆ ಹೋರಾಡಿ ಬಂದವರು. ಆಗಿನ ನಿಯಮದಲ್ಲಿ ಸರ್ವಿಸ್ ಮಾಡಿದ ತಂಡಕ್ಕಷ್ಟೇ ಅಂಕ, ಹದಿನೈದಕ್ಕೆ ಸೆಟ್ಟು. ಪ್ರತಿ ಚೆಂಡಿಗೂ ಅಂಕ ಸಿಗುವ, ಇಪ್ಪತ್ತೈದಕ್ಕೆ ಸೆಟ್ಟು ಮುಗಿಯುವ ಈಗಿನ ಪದ್ಧತಿ ಬಂದದ್ದು 1990ರ ದಶಕದ ಕೊನೆಗೆ. ಹಳೆಯ ನಿಯಮದ ಪಂದ್ಯ ಎಳೆದಷ್ಟೂ ಎಳೆಯುತ್ತಿತ್ತು. ಅವರು ದಣಿದಿರುತ್ತಾರೆಂದು ನಾನು ಎಣಿಸಿದ್ದೆ. ಅವರು ಹದಗೊಂಡಿದ್ದರು. ನಮ್ಮ ಹುಡುಗರಾದರೋ ಆ ವಾರವಿಡೀ ಒಂದು ಬಿರುಸಾದ ಸರ್ವಿಸನ್ನೂ ಎದುರಿಸಿರಲಿಲ್ಲ. ಹಗುರವೆಂದು ನಾನು ಕೊಂಡಾಡಿದ ಹಾದಿಯೇ ನಮ್ಮ ಕೈಗಳನ್ನು ಜಡಗೊಳಿಸಿತ್ತು. ವಿಶ್ವವಿದ್ಯಾಲಯದ ಪಟ್ಟಿ ಹೊರಬಿದ್ದಾಗ ಅದರಲ್ಲಿ ನಾಯಕನ ಹೆಸರಿರಲಿಲ್ಲ. ಅವನು ನನಗೆ ಒಂದು ಮಾತೂ ಆಡಲಿಲ್ಲ. ಮರುವರ್ಷ ಬಂದರಿನ ಕೆಲಸಕ್ಕೆ ಸೇರಿದನೆಂದು ತಿಳಿಯಿತು.

ನಾನು ಹೆಸರುಗಳನ್ನಷ್ಟೇ ಓದಿದ್ದೆ. ಆ ಹಾಳೆಗೆ ಇಂಗ್ಲಿಷಿನಿಂದ ಬಂದ ಹೆಸರು ಏನೇ ಇರಲಿ, ಕನ್ನಡ ಅದನ್ನು ವೇಳಾಪಟ್ಟಿ ಎನ್ನುತ್ತದೆ. ಎದುರಾಳಿಗಳ ಪಟ್ಟಿ ಎನ್ನುವುದಿಲ್ಲ. ಪದಗಳನ್ನು ಬಿಡಿಸಿ ನೋಡುವ ಅಭ್ಯಾಸ ನಿಮಗಿರುವಂತೆ ನನಗೂ ಆ ವಯಸ್ಸಿನಲ್ಲಿ ಇತ್ತು. ಆದರೂ ಆ ಪದದ ಮೊದಲರ್ಧ ನನ್ನ ಕಣ್ಣಿಗೆ ಬೀಳಲಿಲ್ಲ.

ಈ ತೂಕ ಹಾಕುವ ಕೆಲಸವನ್ನು ಅಮೆರಿಕದ ಕಾಲೇಜು ಕ್ರೀಡೆಯವರು ಗಣಿತವನ್ನೇ ಮಾಡಿಕೊಂಡಿದ್ದಾರೆ. ಅಲ್ಲಿ 1981ರಲ್ಲಿ ಬಾಸ್ಕೆಟ್‌ಬಾಲಿಗೆಂದು ಹುಟ್ಟಿ ಆಮೇಲೆ ವಾಲಿಬಾಲಿಗೂ ಬಂದ ಒಂದು ಸೂತ್ರವಿದೆ. ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಕಾಲು ಭಾಗ, ಅದರ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಅರ್ಧ ಭಾಗ, ಆ ಎದುರಾಳಿಗಳ ಎದುರಾಳಿಗಳದಕ್ಕೆ ಉಳಿದ ಕಾಲು ಭಾಗ. ಇಪ್ಪತ್ತರಲ್ಲಿ ಹದಿನೆಂಟು ಪಂದ್ಯ ಗೆದ್ದ ತಂಡವೊಂದಿದೆ ಎಂದುಕೊಳ್ಳಿ. ಅದರ ಎದುರಾಳಿಗಳು ನೂರಕ್ಕೆ 40ರಷ್ಟೇ ಗೆಲ್ಲುವವರು, ಅವರ ಎದುರಾಳಿಗಳು 50ರಷ್ಟು. ಸೂತ್ರದ ಪ್ರಕಾರ ಅದಕ್ಕೆ 0.55. ಇಪ್ಪತ್ತರಲ್ಲಿ ಹತ್ತೇ ಗೆದ್ದ ಇನ್ನೊಂದು ತಂಡದ ಎದುರಾಳಿಗಳು 70ರಷ್ಟು, ಅವರ ಎದುರಾಳಿಗಳು 60ರಷ್ಟು ಗೆಲ್ಲುವವರಾದರೆ ಅದಕ್ಕೆ 0.625. ಹತ್ತು ಸಲ ಸೋತವನು ಎರಡೇ ಸಲ ಸೋತವನಿಗಿಂತ ಮೇಲೆ ನಿಂತ. ಇದನ್ನು ಮೊದಲ ಬಾರಿ ಓದಿದಾಗ ನನಗೆ ಹಿತವೆನಿಸಿತು, 1993ರಲ್ಲಿ ಗೊತ್ತಿರಬೇಕಿತ್ತೆಂದೂ ಅನಿಸಿತು. ಆದರೆ ನಮ್ಮ ಹುಡುಗರು ಆಡುವುದು ಮೂರು ದಿನದಲ್ಲಿ ಮೂರು ಪಂದ್ಯ, ಒಂದು ಸೋತರೆ ಮನೆಗೆ. ಅಷ್ಟು ಚಿಕ್ಕ ಋತುವಿಗೆ ಸರಾಸರಿಯೆಂಬುದೇ ಹುಟ್ಟುವುದಿಲ್ಲ. ಅದಲ್ಲದೆ ಸೂತ್ರಕ್ಕೆ ಮಳೆ ಗೊತ್ತಿಲ್ಲ.

ಗೋವಾದಲ್ಲಿ ಮಳೆ ಗೊತ್ತಿಲ್ಲದ ಲೆಕ್ಕ ಲೆಕ್ಕವೇ ಅಲ್ಲ. ಜೂನ್ ಹುಟ್ಟಿದರೆ ಬಯಲಿನ ಅಂಕಣಗಳೆಲ್ಲ ಕೆಂಪು ರಾಡಿ. ಒಳಾಂಗಣವಿರುವ ಕಾಲೇಜುಗಳು ಮೂರು ತಿಂಗಳೂ ಅಭ್ಯಾಸ ಮಾಡುತ್ತವೆ, ಇಲ್ಲದವರು ವರಾಂಡದಲ್ಲಿ ಚೆಂಡನ್ನು ಗೋಡೆಗೆ ಬಡಿಯುತ್ತಾರೆ. ಬಯಲಿನಲ್ಲಿ ಆಡಿದವನಿಗೆ ಛಾವಣಿಯ ಕೆಳಗೆ ಚೆಂಡಿನ ಎತ್ತರವೇ ಸಿಗುವುದಿಲ್ಲ. ಗಾಳಿಗೆ ಹೊಂದಿಸಿಕೊಂಡ ಕೈ ಗಾಳಿಯಿಲ್ಲದಲ್ಲಿ ತಪ್ಪುತ್ತದೆ. ಇದೇ ಡ್ರಾ ಡಿಸೆಂಬರಿನಲ್ಲಿ ಬಿದ್ದಿದ್ದರೆ ಹಗುರ, ಆಗಸ್ಟಿನಲ್ಲಿ ಭಾರ. ಹಾಳೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ.

ಇನ್ನೂ ದೂರದ ಸಂಗತಿಯೊಂದಿದೆ. ಗೋವಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1985ರಲ್ಲಿ. ಅದಕ್ಕೆ ಮೊದಲು ಇಲ್ಲಿಯ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆಗ ವಾಸ್ಕೋದ ಹುಡುಗ ವಿಶ್ವವಿದ್ಯಾಲಯದ ಅಂಗಿ ತೊಡಬೇಕಾದರೆ ಮುಂಬಯಿ ಮಹಾನಗರದ ಆಟಗಾರರ ನಡುವೆ ಗೆದ್ದು ಬರಬೇಕಿತ್ತು. ಈಗ ಆಯ್ಕೆಯ ಬಾಗಿಲು ಮನೆಯ ಹತ್ತಿರಕ್ಕೆ ಬಂದಿದೆ, ಕಷ್ಟ ಮುಂದಿನ ಅಂಗಳಕ್ಕೆ ಸರಿದಿದೆ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಗೋವಾ ಪಶ್ಚಿಮ ವಲಯಕ್ಕೆ ಸೇರುತ್ತದೆ, ಅಂದರೆ ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶಗಳ ಜೊತೆಗೆ. ಪೋಳೆಂ ಗಡಿ ದಾಟಿದರೆ ಕಾರವಾರ. ಅಲ್ಲಿಯ ಹುಡುಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಆಡುತ್ತಾನೆ, ದಕ್ಷಿಣ ವಲಯದಲ್ಲಿ ಕೇರಳ, ತಮಿಳುನಾಡಿನ ತಂಡಗಳನ್ನು ಎದುರಿಸುತ್ತಾನೆ. ಒಂದೇ ಕಡಲಿನ ಗಾಳಿ ಕುಡಿದು ಬೆಳೆದ ಇಬ್ಬರ ಋತುವನ್ನು ಒಂದು ಚೆಕ್‌ಪೋಸ್ಟು ಬೇರೆಯಾಗಿಸುತ್ತದೆ. ಇನ್ನೂ ಸೋಜಿಗವೆಂದರೆ, ವಾಸ್ಕೋದಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿ ಉತ್ತರದ ಯಾವುದಾದರೂ ಊರಿಗೆ ಪಶ್ಚಿಮ ವಲಯದ ಪಂದ್ಯಕ್ಕೆಂದು ಹೊರಟ ತಂಡ ಮೊದಲು ಹಾಯುವುದು ಲೋಂಡಾ, ಬೆಳಗಾವಿಗಳನ್ನು, ಅಂದರೆ ದಕ್ಷಿಣ ವಲಯವನ್ನು!

ಕೇರಳದವರ ಬಲವನ್ನು ನೆನೆದಾಗಲೆಲ್ಲ ನನಗೆ ಕಣ್ಣೂರು ಜಿಲ್ಲೆಯ ಪೇರಾವೂರಿನ ಜಿಮ್ಮಿ ಜಾರ್ಜ್ ನೆನಪಾಗುತ್ತಾನೆ. ಇಟಲಿಯ ಕ್ಲಬ್ಬುಗಳಿಗೆ ಆಡಿ ಹೆಸರಾದವನು, 1987ರಲ್ಲಿ ಅಲ್ಲಿಯೇ ರಸ್ತೆ ಅಪಘಾತದಲ್ಲಿ ತೀರಿಕೊಂಡನು. ಆ ಮನೆಯಲ್ಲಿ ಎಂಟು ಮಂದಿ ಸಹೋದರರು, ಎಲ್ಲರೂ ವಾಲಿಬಾಲ್ ಆಟಗಾರರು. ಎದುರಾಳಿಯನ್ನು ಹುಡುಕಿಕೊಂಡು ಅಂಗಳ ದಾಟಬೇಕಾದ ಪ್ರಮೇಯವೇ ಅವನಿಗಿರಲಿಲ್ಲ. ಯಾವ ಹಾಳೆಯಲ್ಲೂ ಅಚ್ಚಾಗದ ವೇಳಾಪಟ್ಟಿ ಅದು.

ಅಳಿಯನ ಹಾಳೆಯನ್ನು ದೊಡ್ಡದು ಮಾಡಿ ಮತ್ತೆ ಮತ್ತೆ ನೋಡಿದೆ. ನಾಲಿಗೆಯ ತುದಿಗೆ ಒಂದು ತೀರ್ಪು ಬಂದಿತ್ತು, ಹೇಳಲಾಗಲಿಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಭೀಷ್ಮ ಎರಡೂ ಕಡೆಯ ವೀರರನ್ನು ರಥ, ಅತಿರಥ, ಮಹಾರಥರೆಂದು ಎಣಿಸುವ ಭಾಗ ನಿಮಗೆ ಗೊತ್ತಿದೆ. ಯುದ್ಧಕ್ಕೆ ಮುಂಚಿನ ಬಲಾಬಲದ ಲೆಕ್ಕ ಅದು. ಅಲ್ಲಿ ಕರ್ಣನನ್ನು ಅರ್ಧರಥನೆಂದ ಒಂದು ಮಾತಿಗೆ ಕರ್ಣ ಹತ್ತು ದಿನ ರಣರಂಗದಿಂದ ದೂರ ಉಳಿದ. ತರಗತಿಯಲ್ಲಿ ಇದನ್ನು ವಿವರಿಸುವಾಗ ನಾವೆಲ್ಲ ಕರ್ಣನ ಅಭಿಮಾನದ ಬಗ್ಗೆ ಮಾತನಾಡುತ್ತೇವೆ. ಲೆಕ್ಕ ಹಾಕಿದವನು ಆ ಹತ್ತು ದಿನ ಏನು ಯೋಚಿಸಿದನೋ ಎಂಬುದು ನನ್ನನ್ನು ಕಾಡುತ್ತದೆ. ಹಾಗೆ ಕೇಳುವುದು ಪಠ್ಯದ ಹೊರಗಿನ ಮಾತಾದೀತು, ಇರಲಿ.

ಹುಡುಗನಿಗೆ ಮೂರು ಪ್ರಶ್ನೆ ಕಳುಹಿಸಿದೆ. ಪಂದ್ಯಗಳು ಬಯಲಿನಲ್ಲೋ ಛಾವಣಿಯ ಕೆಳಗೋ? ಸೆಮಿಫೈನಲ್, ಫೈನಲ್ ಒಂದೇ ದಿನವೋ? ಐ.ಎಸ್.ಎ. ಪರೀಕ್ಷೆ ಯಾವಾಗ? ಉತ್ತರ ತಡವಾಗಿ ಬಂದಿತು. ಛಾವಣಿಯ ಕೆಳಗೆ. ಒಂದೇ ದಿನ, ನಡುವೆ ಎರಡು ಗಂಟೆಯ ಬಿಡುವು. ಪರೀಕ್ಷೆ ಕ್ವಾರ್ಟರ್ ಫೈನಲ್ಲಿನ ಹಿಂದಿನ ದಿನ. ಜೂನಿನಿಂದ ನೆಟ್ ಕಟ್ಟಿಲ್ಲ. ಕೊನೆಗೆ, “ಯಾಕ್ರಿ ಮಾಮಾ?”

ಆ ರಾತ್ರಿ ಮೂವತ್ತು ವರ್ಷಗಳಲ್ಲಿ ಮೊದಲ ಸಲ ನಾಯಕನಿಗೆ ಫೋನು ಮಾಡಿದೆ. ಸಂಖ್ಯೆಯನ್ನು ಅಕ್ಕನೇ ಹುಡುಕಿ ಕೊಟ್ಟಳು. ಅವನು ಈಗಲೂ ವಾಸ್ಕೋದಲ್ಲಿದ್ದಾನೆ, ಪಾಳಿ ಮುಗಿದ ಮೇಲೆ ಬಂದರಿನ ಹುಡುಗರ ಜೊತೆ ಒಂದು ಖಾಲಿ ಗೋದಾಮಿನ ತಗಡಿನ ಮಾಡಿನ ಕೆಳಗೆ ನೆಟ್ ಕಟ್ಟುತ್ತಾನೆ. ಡ್ರಾವನ್ನು ಓದಿ ಹೇಳಿದೆ. ಹಳೆಯದನ್ನು ನಾನು ಎತ್ತುವ ಮೊದಲೇ ಅವನು ನಕ್ಕ. “ಇನ್ನೂ ಲೆಕ್ಕಾ ಬಿಟ್ಟಿಲ್ಲೇನಲೇ ನೀ? ಅಕ್ಕನ ನಿಶ್ಚೇಕ ಹೋಗಿದ್ದು ನಾ. ಮಳಿ ಬಂದಿದ್ದು ಘಾಟಿನಾಗ. ನಿಂದೇನೈತಿ ಅದರಾಗ?” ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ ಹೇಳಿದ: “ಹಗೂರೋ ಭಾರೋ ಆಮ್ಯಾಲ ನೋಡೂಣು. ಹುಡುಗನ್ನ, ಅವನ ಟೀಮನ್ನ ನಾಳಿಂದ ನನ್ನ ಕಡೆ ಕಳಸು.”

ಅಕ್ಕನಿಗೆ ಹದಿನೈದು ದಿನದ ಗಡುವನ್ನು ಇನ್ನೊಂದು ವಾರ ಮುಂದೂಡುವಂತೆ ಗುತ್ತಿಗೆದಾರನನ್ನು ಕೇಳಲು ಹೇಳಿದ್ದೇನೆ. ಅವನಿಂದ ಇನ್ನೂ ಉತ್ತರ ಬಂದಿಲ್ಲ. ಅಕ್ಕ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ.

ನಿನ್ನೆ ರಾತ್ರಿ ಹತ್ತರ ಮೇಲೆ ಅಳಿಯನ ಸಂದೇಶ ಬಂದಿತು: “ಮಾಮಾ, ಇವತ್ತೂ ಸೋತ್ವಿ. 25–11, 25–9. ಆ ಕಾಕಾನ ಸರ್ವಿಸ್ ಎತ್ತಾಕ ಆಗವಲ್ದು. ನಾಳೆ ಮತ್ತ ಬರ್ರಿ ಅಂದಾರ.” ಅವರ ಮೊದಲ ಪಂದ್ಯ ಬರುವ ಮಂಗಳವಾರ.